ಬಯಲು ಮದುವೆಗೆ ಬಣ್ಣದ ಹೂ: ಯಾವುದು, ಎಲ್ಲಿಗೆ, ಎಷ್ಟು ಹೊತ್ತಿಗೆ?

ಕಲ್ಯಾಣಮಂಟಪದೊಳಗೆ ಯಾವ ಹೂ ತಂದಿಟ್ಟರೂ ನಡೆದುಹೋಗುತ್ತದೆ. ಬಿಸಿಲು ಬೀಳುವುದಿಲ್ಲ, ಗಾಳಿ ಬೀಸುವುದಿಲ್ಲ, ದೀಪದ ಬಣ್ಣವೂ ನಮ್ಮ ಕೈಯಲ್ಲೇ ಇರುತ್ತದೆ. ತೋಟದಲ್ಲೋ ಹೊಲದಂಚಿನಲ್ಲೋ ಕಡಲ ಬದಿಯಲ್ಲೋ ಹಳೆಯ ಮನೆಯ ಅಂಗಳದಲ್ಲೋ ಚಪ್ಪರ ಹಾಕಿದರೆ ಲೆಕ್ಕವೇ ಬೇರೆ. ಅಲ್ಲಿ ಹೂವಿನ ಅಂದಕ್ಕಿಂತ ಮೊದಲು ಅದರ ತಾಳಿಕೆಯನ್ನು ನೋಡಬೇಕು. ಆದರೂ ಬಯಲು ಮದುವೆಗೆ ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಮೊಬೈಲನ್ನೇ. ಅದರಲ್ಲಿ ಯಾವುದೋ ತಂಪು ದೇಶದ ಹುಲ್ಲುಗಾವಲು, ತಿಳಿಗುಲಾಬಿ ಬಣ್ಣದ ಪಿಯೋನಿ, ನೀಲಿ ಹೈಡ್ರೇಂಜಿಯಾ. ಏಪ್ರಿಲ್ ತಿಂಗಳಲ್ಲಿ ದೊಡ್ಡಬಳ್ಳಾಪುರದ ಕಡೆಯ ಹನ್ನೊಂದು ಗಂಟೆಯ ಬಿಸಿಲಿಗೆ ಆ ಹೈಡ್ರೇಂಜಿಯಾ ಧಾರೆ ಮುಗಿಯುವ ಮುನ್ನವೇ ತಲೆ ಬಾಗಿಸಿರುತ್ತದೆ.

ಮೊಬೈಲನ್ನು ಬದಿಗಿಟ್ಟು ಲಗ್ನಪತ್ರಿಕೆಯನ್ನು ತೆಗೆಯಿರಿ. ಮುಹೂರ್ತದ ಗಂಟೆ, ತಿಂಗಳು, ಊರು. ಹೂವಿನ ಪಟ್ಟಿಯ ಮುಕ್ಕಾಲು ಪಾಲನ್ನು ಈ ಮೂರೇ ಬರೆದುಕೊಡುತ್ತವೆ. ಉಳಿದ ಕಾಲು ಭಾಗದಲ್ಲಿ ನಿಮ್ಮ ಮನಸ್ಸಿನ ಕಲ್ಪನೆಗಳನ್ನೆಲ್ಲ ಧಾರಾಳವಾಗಿ ತುಂಬಿಕೊಳ್ಳಬಹುದು.

ಬೆಳಗಿನ ಮುಹೂರ್ತವೋ, ನಡುಹಗಲೋ, ಸಂಜೆಯೋ?

ಆರರಿಂದ ಎಂಟು ಗಂಟೆಯೊಳಗಿನ ಮುಹೂರ್ತವಾದರೆ ನೀವು ಅದೃಷ್ಟವಂತರು. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ತೆಳು ಬಣ್ಣಗಳೂ ಉಳಿಯುತ್ತವೆ. ತಿಳಿಹಳದಿ ಸೇವಂತಿಗೆ, ನಸುಗೆಂಪು ಗುಲಾಬಿ, ಕೆನೆಬಣ್ಣದ ಸುಗಂಧರಾಜ ಎಲ್ಲವೂ ಕಣ್ಣಿಗೂ ಕ್ಯಾಮೆರಾಕ್ಕೂ ಸರಿಯಾಗಿ ಸಿಗುತ್ತವೆ. ಹತ್ತೂವರೆಯಿಂದ ಹನ್ನೆರಡೂವರೆಯೊಳಗಿನ ಮುಹೂರ್ತಕ್ಕೆ ಇದೇ ಹೂಗಳನ್ನು ಬಳಸಿದರೆ ಬಿಳಿ ಕಣ್ಣು ಕುಕ್ಕುತ್ತದೆ, ತಿಳಿ ಬಣ್ಣಗಳು ಫೋಟೊದಲ್ಲಿ ಬಿಳಿಯಾಗಿಯೇ ಬೀಳುತ್ತವೆ. ನೆತ್ತಿಯ ಮೇಲಿನ ಸೂರ್ಯನಿಗೆ ಎದುರು ನಿಲ್ಲುವುದು ಕಡು ಬಣ್ಣ ಮಾತ್ರ: ಕಿತ್ತಳೆ ಚೆಂಡು ಹೂ, ರಾಣಿ ಬಣ್ಣದ ಕೋಳಿಜುಟ್ಟು, ನೇರಳೆ ಆಸ್ಟರ್, ಕಡುಗೆಂಪು ಗುಲಾಬಿ. ನಮ್ಮ ಅಜ್ಜಿಯರ ರೇಷ್ಮೆ ಸೀರೆಗಳಲ್ಲಿ ಇದ್ದ ಬಣ್ಣಗಳು ಇವೇ. ನಮ್ಮ ಬಿಸಿಲಿಗೆ ಹೊಂದುವ ಬಣ್ಣ ಯಾವುದೆಂದು ನೇಕಾರರು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾರೆ.

ಸಂಜೆಯ ಆರತಕ್ಷತೆಗೆ ಮತ್ತೆ ಲೆಕ್ಕ ತಿರುಗುತ್ತದೆ. ಕತ್ತಲಾಗುತ್ತ ಬಂದಂತೆ ಕಡುಗೆಂಪು ಮೊದಲು ಕಪ್ಪಾಗುತ್ತದೆ. ಹಳದಿ ದೀಪಗಳ ಕೆಳಗೆ ನೇರಳೆಯೂ ನೀಲಿಯೂ ಮಂಕಾಗುತ್ತವೆ. ಆಗ ಹೊಳೆಯುವುದು ಬಿಳಿ, ಕೆನೆ, ಹಳದಿ, ತಿಳಿಗುಲಾಬಿ. ಬೆಳಗ್ಗೆ ಧಾರೆ, ಸಂಜೆ ಅದೇ ಜಾಗದಲ್ಲಿ ಆರತಕ್ಷತೆ ಇದ್ದರೆ ಎರಡು ಪ್ರತ್ಯೇಕ ಅಲಂಕಾರಕ್ಕೆ ದುಡ್ಡು ಸುರಿಯಬೇಕಿಲ್ಲ. ಹಗಲಿನ ಕಿತ್ತಳೆ-ರಾಣಿ ಬಣ್ಣದ ಹಾರಗಳ ನಡುವೆ ಸಂಜೆ ನಾಲ್ಕರ ಸುಮಾರಿಗೆ ಸುಗಂಧರಾಜದ ಸರಗಳನ್ನು ಇಳಿಬಿಟ್ಟರೆ ಸಾಕು. ಸುಗಂಧರಾಜ ಪರಿಮಳ ಬಿಡುವುದೂ ಕತ್ತಲಾದ ಮೇಲೆಯೇ.

ತಿಂಗಳು

ಮಾರ್ಚ್‌ನಿಂದ ಮೇವರೆಗೆ ಮಲ್ಲಿಗೆಯ ಕಾಲ. ಧಾರಾಳವಾಗಿ ಸಿಗುತ್ತದೆ, ಬೆಲೆಯೂ ಇಳಿದಿರುತ್ತದೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗಿನ ಮಳೆ ಬರುವುದು ನಮ್ಮ ಬಯಲುಸೀಮೆಗೂ ಮಲೆನಾಡಿಗೂ ಮಾಮೂಲು. ಹಾಗಾಗಿ ಬೇಸಿಗೆಯ ಬಯಲು ಮದುವೆಗೆ ಬೆಳಗಿನ ಹೊತ್ತೇ ಸರಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಸೇವಂತಿಗೆಯದೇ ರಾಜ್ಯಭಾರ. ಹಗಲು ಗಿಡ್ಡವಾದಾಗ ಮೊಗ್ಗು ಬಿಡುವ ಗಿಡ ಅದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹೊಲಗಳಿಂದ ಚಳಿಗಾಲದಲ್ಲಿ ರಾಶಿ ರಾಶಿಯಾಗಿ ಬರುತ್ತದೆ. ಅದೇ ಚಳಿಯಲ್ಲಿ ಮಲ್ಲಿಗೆ ಅಪರೂಪವಾಗಿ, ಬೆಲೆ ಕೇಳಿದರೆ ಬೆಚ್ಚಿಬೀಳುವಂತಿರುತ್ತದೆ.

ಇನ್ನೊಂದು ಪಂಚಾಂಗವನ್ನೂ ನೋಡಬೇಕು. ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಯ ಹಿಂದುಮುಂದಿನ ದಿನಗಳಲ್ಲಿ ಬಿಡಿ ಹೂವಿನ ಬೆಲೆ ಏರಿ ಕುಳಿತಿರುತ್ತದೆ. ಆಯುಧಪೂಜೆ ಮುಗಿದ ಮರುವಾರವೇ ಕೊಳ್ಳುವವರಿಲ್ಲದೆ ರೈತರು ಚೆಂಡು ಹೂವನ್ನು ರಸ್ತೆ ಬದಿಗೆ ಸುರಿದ ಸುದ್ದಿಯನ್ನೂ ಓದುತ್ತೇವೆ. ಫೆಬ್ರುವರಿಯ ಮೊದಲೆರಡು ವಾರ ಉದ್ದ ಕಡ್ಡಿಯ ಗುಲಾಬಿಯ ಆಸೆಯನ್ನು ಬಿಡಿ. ಪ್ರೇಮಿಗಳ ದಿನಕ್ಕೆಂದು ಒಳ್ಳೆಯ ಹೂವೆಲ್ಲ ವಿಮಾನ ಹತ್ತಿರುತ್ತದೆ. ಉಳಿದದ್ದಕ್ಕೆ ನೀವು ದುಪ್ಪಟ್ಟು ಕೊಡಬೇಕಾಗುತ್ತದೆ.

ಬಿಡಿ ಹೂವೋ, ಕಡ್ಡಿ ಹೂವೋ?

ಅಲಂಕಾರದವರೊಡನೆ ಮಾತಿಗೆ ಕೂತಾಗ ನಿಜವಾಗಿ ತೀರ್ಮಾನಿಸಬೇಕಾದ ಪ್ರಶ್ನೆ ಇದೊಂದೇ. ಕಿಲೋ ಲೆಕ್ಕದಲ್ಲಿ, ಮಾರು ಲೆಕ್ಕದಲ್ಲಿ ಸಿಗುವ ನಮ್ಮ ಚೆಂಡು ಹೂ, ಸೇವಂತಿಗೆ, ಆಸ್ಟರ್, ಕನಕಾಂಬರ, ಬಟನ್ ಗುಲಾಬಿಗಳು ಒಂದು ಕಡೆ. ಕಟ್ಟು ಲೆಕ್ಕದಲ್ಲಿ ಬರುವ, ಪಾಲಿಹೌಸಿನ (ಪ್ಲಾಸ್ಟಿಕ್ ಹೊದಿಸಿದ ಮನೆಯೊಳಗೆ ಬೆಳೆದ) ಗುಲಾಬಿ, ಜರ್ಬೆರಾ, ಕಾರ್ನೇಷನ್, ಆರ್ಕಿಡ್, ಆಂಥೂರಿಯಂಗಳು ಇನ್ನೊಂದು ಕಡೆ. ಮೊದಲನೆಯದು ನೀರಿಲ್ಲದೆ ಬದುಕಲು ಒಗ್ಗಿದ ಹೂ. ಕಿತ್ತ ಮೇಲೆ ಗೋಣಿಯಲ್ಲಿ ತುಂಬಿ ಲಾರಿಯಲ್ಲಿ ಬಂದು ದೇವರ ಮೈಮೇಲೆ ಎರಡು ದಿನ ಇರಬೇಕಾದದ್ದು. ಎರಡನೆಯದು ಬಕೆಟ್ಟಿನ ನೀರಿನಿಂದ ತೆಗೆದ ಕ್ಷಣದಿಂದ ಗಂಟೆ ಎಣಿಸುವ ಹೂ.

ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ. ಬಯಲಿನಲ್ಲಿ ಬಣ್ಣದ ರಾಶಿಗೆ ಬಿಡಿ ಹೂವನ್ನೇ ಬಳಸಿ. ಕಡ್ಡಿ ಹೂವಿಗೆ ಖರ್ಚು ಮಾಡುವುದಾದರೆ ಕ್ಯಾಮೆರಾ ಒಂದು ಮಾರು ಹತ್ತಿರ ಬರುವ ಜಾಗಗಳಿಗೆ ಮಾತ್ರ ಮಾಡಿ. ಮೂವತ್ತು ಅಡಿ ದೂರದಲ್ಲಿ ಕುಳಿತ ಅತಿಥಿಗೆ ಕಾಣುವುದು ಬಣ್ಣವೇ ಹೊರತು ಹೂವಿನ ಜಾತಿಯಲ್ಲ.

ಚೆಂಡು ಹೂ, ಸೇವಂತಿಗೆ: ಎರಡರ ನಡುವೆ

ಚೆಂಡು ಹೂವನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ‘ದಸರಾಕ್ಕೆ ಲಾರಿಗೆ ಕಟ್ಟುವ ಹೂ’ ಎಂಬ ತಾತ್ಸಾರ. ಆದರೆ ಉರಿಬಿಸಿಲಿನಲ್ಲಿ ಅದರಷ್ಟು ನಿಯತ್ತಿನ ಹೂ ಇನ್ನೊಂದಿಲ್ಲ. ಗುಂಡ್ಲುಪೇಟೆಯ ಕಡೆ ಮುಂಗಾರಿನಲ್ಲಿ ಹೊಲಗಟ್ಟಲೆ ಬೆಳೆಯುವ ಚೆಂಡು ಹೂವಿನ ಬಹುಪಾಲು ಪೂಜೆಗೂ ಬರುವುದಿಲ್ಲ, ಮದುವೆಗೂ ಬರುವುದಿಲ್ಲ. ಅದರ ಬಣ್ಣವನ್ನು ಬಸಿದು ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಹಾಗೆ ಬಸಿಯುವಷ್ಟು ಬಣ್ಣ ಅದರ ಎಸಳಿನಲ್ಲಿದೆ. ಬೆಳಗ್ಗೆ ಕಟ್ಟಿದ ಹಾರ ನೀರು ಕಾಣದೆಯೂ ರಾತ್ರಿಯವರೆಗೆ ಕಿತ್ತಳೆಯಾಗಿಯೇ ಇರುತ್ತದೆ.

ದೋಷ ಎರಡು. ಒಂದು ತೂಕ: ಹತ್ತು ಅಡಿ ಅಂತರದ ಎರಡು ಕಂಬಗಳ ನಡುವೆ ಕಟ್ಟಿದ ದಪ್ಪ ಹಾರ ಮಧ್ಯಾಹ್ನದ ಹೊತ್ತಿಗೆ ಜಗ್ಗಿ, ಎತ್ತರದ ಅಳಿಯನ ಪೇಟಕ್ಕೆ ತಾಕುತ್ತದೆ. ಇನ್ನೊಂದು ನೀರು. ಒತ್ತಾದ ಎಸಳುಗಳ ನಡುವೆ ನೀರು ನಿಂತರೆ ಹೂ ಒಳಗಿನಿಂದ ಕಪ್ಪಾಗುತ್ತದೆ, ವಾಸನೆ ಬರುತ್ತದೆ. ‘ತಾಜಾ ಇರಲಿ’ ಎಂದು ಹಿಂದಿನ ರಾತ್ರಿ ಪೈಪಿನಲ್ಲಿ ನೀರು ಹಾಯಿಸುವ ಹುಡುಗರನ್ನು ತಡೆಯಿರಿ. ಕೊಳ್ಳುವಾಗ ಒಂದು ಹೂವನ್ನು ತಿರುವಿ ತೊಟ್ಟಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಹಸಿರಾಗಿ ಗಟ್ಟಿಯಾಗಿದ್ದರೆ ಇಂದಿನ ಹೂ. ಮೆತ್ತಗಾಗಿ ಕಂದು ನೀರು ಜಿನುಗಿದರೆ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಅದು ಮಳೆಯಲ್ಲಿ ನೆನೆದ ಮಾಲು.

ಸೇವಂತಿಗೆ ಇದಕ್ಕಿಂತ ಹಗುರ, ಬಣ್ಣಗಳೂ ಹೆಚ್ಚು. ಬಿಳಿ, ಹಳದಿ, ಕಂದುಗೆಂಪು, ನೇರಳೆಮಿಶ್ರಿತ ಗುಲಾಬಿ. ನೀರಿಲ್ಲದೆ ಎರಡು ದಿನ ಧಾರಾಳವಾಗಿ ಇರುತ್ತದೆ. ಆದರೆ ಬಿಳಿ ಸೇವಂತಿಗೆ ಸೂಕ್ಷ್ಮ. ಮೂಟೆಯಲ್ಲಿ ಒತ್ತಿದ ಕಡೆ, ಕೈ ಹೆಚ್ಚು ತಾಗಿದ ಕಡೆ ಎಸಳಿನಂಚು ಕಂದಾಗುತ್ತದೆ, ಬಿಸಿಲಿಗೆ ಆ ಕಂದು ಹರಡುತ್ತದೆ. ಆದ್ದರಿಂದ ಬಿಸಿಲು ನೇರವಾಗಿ ಬೀಳುವ ಕಡೆಗೆ ಹಳದಿ, ಚಪ್ಪರದ ನೆರಳಿಗೆ ಬಿಳಿ. ಚಳಿಗಾಲದ ಮದುವೆಗೆ ಇವೆರಡರಲ್ಲಿ ಸೇವಂತಿಗೆಯೇ ಗೆಲ್ಲುತ್ತದೆ. ಬೇಸಿಗೆಗೂ ನಡುಹಗಲಿಗೂ ಚೆಂಡು ಹೂ.

ಎರಡರಲ್ಲೂ ಇಲ್ಲದ ನೇರಳೆ-ನೀಲಿಯ ಕೊರತೆಯನ್ನು ತುಂಬುವುದು ಆಸ್ಟರ್. ಇದನ್ನು ಅಲಂಕಾರದವರು ತಾವಾಗಿ ಹೇಳುವುದು ಕಡಿಮೆ. ಅಗ್ಗದ ಹೂವಿನಲ್ಲಿ ಅವರಿಗೆ ಉಳಿಯುವುದೇನಿದೆ! ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕಾಮಿನಿ, ಪೂರ್ಣಿಮಾ, ಶಶಾಂಕ್, ವೈಲೆಟ್ ಕುಶನ್ ಎಂಬ ಆಸ್ಟರ್ ತಳಿಗಳನ್ನು ಕೊಟ್ಟಿದೆ. ಕಾಮಿನಿಯ ಗುಲಾಬಿ ಬಣ್ಣವನ್ನೂ ವೈಲೆಟ್ ಕುಶನ್‌ನ ನೇರಳೆಯನ್ನೂ ಕಿತ್ತಳೆ ಚೆಂಡು ಹೂವಿನ ಪಕ್ಕದಲ್ಲಿಟ್ಟು ನೋಡಿ. ವಿದೇಶಿ ಹೂವಿನ ಹಂಗು ಅಲ್ಲಿಗೇ ಹರಿಯುತ್ತದೆ.

ಕಡ್ಡಿ ಹೂಗಳಲ್ಲಿ ಯಾವುದು ಬಿಸಿಲು ತಾಳುತ್ತದೆ?

ಇಲ್ಲಿ ಬೇಗ ಬೇಗ ಸಾಗೋಣ. ಡೆಂಡ್ರೋಬಿಯಂ ಆರ್ಕಿಡ್ ನೀರಿಲ್ಲದೆಯೂ ಹಲವು ಗಂಟೆ ಇರುತ್ತದೆ, ಎಸಳು ಮೇಣದಂತೆ ದಪ್ಪ. ಬಹುಪಾಲು ಥಾಯ್ಲೆಂಡಿನಿಂದ ಬರುವುದರಿಂದ ದುಬಾರಿ. ಆಂಥೂರಿಯಂ ಮತ್ತು ಹೆಲಿಕೋನಿಯಾ ಸೆಕೆಯ ನಾಡಿನ ಹೂಗಳೇ. ಕೊಡಗಿನ, ಸಕಲೇಶಪುರದ ಕಾಫಿ ತೋಟಗಳಿಂದ ಆಂಥೂರಿಯಂ ಬರುತ್ತದೆ. ಎಸ್ಟೇಟ್ ಮದುವೆಗಾದರೆ ಪಕ್ಕದ ತೋಟದಲ್ಲೇ ಸಿಗಬಹುದು. ಇವುಗಳನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಚಳಿಗೆ ಕಪ್ಪಾಗುತ್ತವೆ. ಕಾರ್ನೇಷನ್ ಗಟ್ಟಿ ಜೀವ, ಹಾರಕ್ಕೂ ಗುಚ್ಛಕ್ಕೂ ಒಗ್ಗುತ್ತದೆ. ಆದರೆ ಮಾಗಿದ ಹಣ್ಣಿನ ಬುಟ್ಟಿಯ ಪಕ್ಕದಲ್ಲಿಟ್ಟರೆ ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಬೇಗ ಮುದುಡುತ್ತದೆ. ನಮ್ಮ ಮದುವೆಯ ಉಗ್ರಾಣದಲ್ಲಿ ಬಾಳೆಗೊನೆ ಇಲ್ಲದ ಮೂಲೆ ಎಲ್ಲಿದೆ? ಹೂವಿಗೆ ಬೇರೆ ಕೋಣೆ ಕೊಡಿಸಿ.

ಜರ್ಬೆರಾದ ಬಣ್ಣಕ್ಕೆ ಸಾಟಿಯಿಲ್ಲ, ಬೆಲೆಯೂ ಕೈಗೆಟುಕುತ್ತದೆ, ಕತ್ತು ಮಾತ್ರ ನಂಬಿಕೆಗೆ ಅರ್ಹವಲ್ಲ. ಬಿಸಿಲಿಗೆ ಕಡ್ಡಿ ಬಾಗಿ ಹೂವೆಲ್ಲ ನೆಲ ನೋಡುತ್ತವೆ. ತಂತಿ ಸುತ್ತಿಸುತ್ತೇನೆಂದು ಅಲಂಕಾರದವರು ಒಪ್ಪಿಕೊಂಡರೆ ಮಾತ್ರ ತೆಗೆದುಕೊಳ್ಳಿ. ಪಾಲಿಹೌಸಿನ ಗುಲಾಬಿ ಬೆಳಗಿನ ಮುಹೂರ್ತಕ್ಕೆ ಸರಿ. ಇಪ್ಪತ್ತು ಕಡ್ಡಿಯ ಕಟ್ಟು ಕೊಳ್ಳುವಾಗ ಪೂರ್ತಿ ಅರಳಿದ್ದನ್ನು ಬಿಟ್ಟು ಅರೆಬಿರಿದದ್ದನ್ನು ಆರಿಸಿ. ಬೆಂಗಳೂರಿನವರು ಹೆಬ್ಬಾಳದ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರದಲ್ಲಿ ಖರೀದಿಸುವ ವ್ಯಾಪಾರಿಯ ಮೂಲಕ ತರಿಸಿದರೆ ನಡುವಿನ ಎರಡು ಕೈ ತಪ್ಪುತ್ತವೆ. ಲಿಲ್ಲಿ, ಟ್ಯುಲಿಪ್, ಹೈಡ್ರೇಂಜಿಯಾ ಮೂರೂ ಬಯಲಿಗೆ ಬೇಡ.

ಕೊರಳಿಗೆ ಮತ್ತು ಮುಡಿಗೆ

ಮಂಟಪದ ಹೂ ತಪ್ಪಿದರೆ ಯಾರಿಗೂ ನೆನಪಿರುವುದಿಲ್ಲ, ಮಾಲೆ ತಪ್ಪಿದರೆ ಆಲ್ಬಮ್ಮಿನ ಪ್ರತಿ ಪುಟದಲ್ಲೂ ಕಾಣುತ್ತದೆ. ಬಯಲಿನಲ್ಲಿ ವಧೂವರರ ಬೆವರು, ಬಿಸಿಲು, ತಬ್ಬಿಕೊಳ್ಳುವ ನೆಂಟರು, ಈ ಮೂರನ್ನೂ ಮಾಲೆ ತಡೆದುಕೊಳ್ಳಬೇಕು.

ಗುಲಾಬಿ ಎಸಳಿನ ದಪ್ಪ ಮಾಲೆ ಈಗ ಎಲ್ಲರ ಆಯ್ಕೆ. ನೋಡಲು ಭರ್ಜರಿ, ಹೊರಲು ಭಾರ. ಸಾವಿರಾರು ಎಸಳುಗಳನ್ನು ಒತ್ತಿ ಪೋಣಿಸಿರುವುದರಿಂದ ಒಳಗೆ ಶಾಖ ಕೂತು ಎರಡು ಗಂಟೆಯೊಳಗೆ ಅಂಚು ಕಪ್ಪಾಗತೊಡಗುತ್ತದೆ, ಬಿಳಿ ಪಂಚೆಗೆ ಕಲೆ ಹತ್ತುತ್ತದೆ. ಸುಗಂಧರಾಜದ ಮಾಲೆ ಇದಕ್ಕಿಂತ ಹಗುರ. ಮೊಗ್ಗಿನ ಹಂತದಲ್ಲಿ ಪೋಣಿಸಿದರೆ ಬಿಸಿಲಿನಲ್ಲಿ ಬಾಡುವ ಬದಲು ನಿಧಾನವಾಗಿ ಬಿರಿಯುತ್ತದೆ. ಬಿಳಿಯೊಂದೇ ಸಪ್ಪೆ ಎನ್ನಿಸಿದರೆ ನಾಲ್ಕು ಬೆರಳಿಗೊಂದರಂತೆ ಕನಕಾಂಬರದ ಕುಚ್ಚು, ಅದರ ಪಕ್ಕದಲ್ಲಿ ಮರುಗ, ದವನ, ಪಚ್ಚೆತೆನೆ. ದವನದ ಬೂದುಹಸಿರಿನ ಪಕ್ಕದಲ್ಲಿ ಕನಕಾಂಬರದ ಕಿತ್ತಳೆ ಎದ್ದು ಕಾಣುವ ಪರಿಯನ್ನು ಯಾವ ಯೂಕಲಿಪ್ಟಸ್ ಎಲೆಯೂ ಕೊಡಲಾರದು. ಪರಿಮಳ ಬೇರೆ, ಕನಕಾಂಬರಕ್ಕೆ ವಾಸನೆಯಿಲ್ಲ ಎಂಬ ಕೊರತೆಯನ್ನು ದವನ ನೀಗುತ್ತದೆ. ಮಾಲೆಯ ಪ್ರಶ್ನೆಗೆ ನನ್ನ ಉತ್ತರ ಇದೇ.

ಬಾಡುವ ಭಯವೇ ಬೇಡ ಎನ್ನುವವರಿಗೆ ಹಾವೇರಿಯ ಏಲಕ್ಕಿ ಹಾರವಿದೆ. ಬಿಸಿಲಿಗೂ ಮಳೆಯ ನಾಲ್ಕು ಹನಿಗೂ ಜಗ್ಗದು, ಮದುವೆಯಾದ ಮೇಲೆ ಗಾಜಿನ ಚೌಕಟ್ಟಿನಲ್ಲಿ ಇಡಬಹುದು. ಧಾರೆಗೆ ಹೂವಿನ ಮಾಲೆ, ಆರತಕ್ಷತೆಗೆ ಏಲಕ್ಕಿ ಹಾರ ಎಂದು ಹಂಚಿಕೊಂಡರೆ ಹಿರಿಯರ ತಕರಾರೂ ಇರುವುದಿಲ್ಲ.

ಮುಡಿಗೆ ಬಂದರೆ ಮಲ್ಲಿಗೆಗೆ ಎದುರಾಳಿಯಿಲ್ಲ, ಪ್ರಶ್ನೆ ಯಾವ ಮಲ್ಲಿಗೆ ಎಂಬುದಷ್ಟೇ. ಮೈಸೂರು, ಉಡುಪಿ, ಹಡಗಲಿ, ಮೂರು ಊರಿನ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಉಡುಪಿ ಮಲ್ಲಿಗೆಯ ವ್ಯಾಪಾರ ಶಂಕರಪುರದ ಕಟ್ಟೆಯಲ್ಲಿ ನಿತ್ಯ ನಿಗದಿಯಾಗುವ ದರದಲ್ಲಿ ಅಟ್ಟೆ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಚೆಂಡಿಗೆ ಸುಮಾರು 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟುವುದರಿಂದ ತೇವ ಉಳಿಯುತ್ತದೆ. ಮುಂಬೈಗೂ ಕೊಲ್ಲಿ ದೇಶಗಳಿಗೂ ಹೋಗುವ ಹೂವಿಗೆ ನಿಮ್ಮ ಮದುವೆಯ ಬಯಲು ಏನೂ ದೂರವಲ್ಲ.

ಮುಖ್ಯವಾದದ್ದು ಮೊಗ್ಗಿನ ಗಡಿಯಾರ. ಬೆಳಗಿನ ಜಾವ ಕಿತ್ತ ಗುಂಡು ಮಲ್ಲಿಗೆಯ ಮೊಗ್ಗು ಅಂದೇ ಸಂಜೆ ಬಿರಿಯುತ್ತದೆ. ಸಂಜೆಯ ಆರತಕ್ಷತೆಗೆ ಅಂದಿನ ಬೆಳಗಿನ ಮೊಗ್ಗನ್ನು ಕಟ್ಟಿಸಿದರೆ ಅತಿಥಿಗಳು ಬರುವ ಹೊತ್ತಿಗೆ ಅರಳಿ ಘಮ ಬೀರುತ್ತದೆ. ಬೆಳಗ್ಗೆ ಏಳರ ಮುಹೂರ್ತಕ್ಕೆ ಹಿಂದಿನ ದಿನದ ಹೂವೇ ಗತಿ. ರಾತ್ರಿ ಅರಳಿರುತ್ತದೆ, ಮುಹೂರ್ತಕ್ಕೆ ಚೆನ್ನಾಗಿರುತ್ತದೆ, ಊಟದ ಹೊತ್ತಿಗೆ ಹಳದಿ ತಿರುಗುತ್ತದೆ. ಊಟದ ನಂತರ ಬದಲಿಸಲು ಇನ್ನೊಂದು ಸರವನ್ನು ಒದ್ದೆ ಬಟ್ಟೆಯಲ್ಲೋ ಬಾಳೆಲೆಯಲ್ಲೋ ಸುತ್ತಿ ನೆರಳಿನಲ್ಲಿಡಿ. ಮೊಗ್ಗಿನ ಜಡೆ ಹೆಣೆಯುವವರಿಗೂ ಈ ಗಡಿಯಾರವನ್ನು ತಿಳಿಸಿಯೇ ಮುಂಗಡ ಕೊಡಬೇಕು. ಚಳಿಗಾಲದಲ್ಲಿ ಮಲ್ಲಿಗೆ ಸಿಗದಿದ್ದರೆ ಕಾಕಡ ಸಿಗುತ್ತದೆ. ಪರಿಮಳ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಆದರೆ ಬಿಳುಪು ಹೆಚ್ಚು ಹೊತ್ತು ಉಳಿಯುತ್ತದೆ. ಜಡೆಯ ತುಂಬ ಕಾಕಡ, ಕಿವಿಯ ಬಳಿ ನಾಲ್ಕು ಮಲ್ಲಿಗೆ. ಹತ್ತಿರ ಬಂದವರಿಗೆ ಮಲ್ಲಿಗೆಯ ಮದುವಣಗಿತ್ತಿಯೇ.

ಮಂಟಪ: ಹಸಿರು ಸ್ಪಂಜೋ, ಬಾಳೆದಿಂಡೋ?

ಹೂ ಚುಚ್ಚಲು ಬಳಸುವ ಹಸಿರು ಸ್ಪಂಜು ಪ್ಲಾಸ್ಟಿಕ್ಕಿನದೇ ರೂಪ. ಕರಗುವುದಿಲ್ಲ, ಪುಡಿಯಾಗಿ ಮಣ್ಣಿಗೂ ನೀರಿಗೂ ಸೇರುತ್ತದೆ. ಬೇರೆಯವರ ಹೊಲದಲ್ಲಿ ಮದುವೆ ಮಾಡಿ ಅದನ್ನು ಬಿಟ್ಟು ಬರುವುದು ಯಾವ ನ್ಯಾಯ? ಮೇಲಾಗಿ ಬಿಸಿಲಿಗೆ ಒಣಗಿದ ಸ್ಪಂಜು ಮತ್ತೆ ನೀರು ಹೀರುವುದಿಲ್ಲ. ನಮ್ಮಲ್ಲಿ ಇದಕ್ಕೆ ಬದಲು ಹಿಂದಿನಿಂದಲೂ ಇತ್ತು: ಬಾಳೆದಿಂಡು ಮತ್ತು ತೆಂಗಿನಗರಿಯ ಕಡ್ಡಿ. ದಿಂಡನ್ನು ಉದ್ದಕ್ಕೆ ಸೀಳಿ ಕಂಬಕ್ಕೆ ಕಟ್ಟಿ, ಕಡ್ಡಿಯ ತುದಿಗೆ ಸಿಕ್ಕಿಸಿದ ಹೂಗಳನ್ನು ಸಾಲಾಗಿ ಚುಚ್ಚುವುದು. ದಿಂಡಿನ ತೇವವೇ ಹೂವನ್ನು ತಂಪಾಗಿಡುತ್ತದೆ. ಇದು ಗೊತ್ತಿರುವ ಹಿರಿಯ ಕೆಲಸಗಾರರು ದೇವಸ್ಥಾನಗಳ ಹೂವಿನ ಅಲಂಕಾರ ಮಾಡುವವರ ನಡುವೆ ಈಗಲೂ ಸಿಗುತ್ತಾರೆ. ಅವರನ್ನೇ ಹುಡುಕಿ.

ಗಾಳಿಯ ವಿಚಾರ. ಕಡಲ ತೀರದಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದಿಂದ ನೆಲದ ಕಡೆಗೆ ಗಾಳಿ ಜೋರಾಗುತ್ತದೆ. ಮಂಟಪದ ಹಿಂದೆ ಪೂರ್ತಿ ಹೂವಿನ ಗೋಡೆ ನಿಲ್ಲಿಸಿದರೆ ಅದು ಹಾಯಿಯಂತೆ ಗಾಳಿ ತುಂಬಿಕೊಂಡು ಮಗುಚುತ್ತದೆ. ಅಲ್ಲಿಗೆ ಗೋಡೆಗಿಂತ ಇಳಿಬಿಟ್ಟ ಸರಗಳೇ ಲೇಸು, ಗಾಳಿ ನಡುವೆ ನುಸುಳಿ ಹೋಗುತ್ತದೆ. ಸರದ ತುದಿಗೆ ಒಂದು ಅಡಿಕೆಯನ್ನೋ ಸಣ್ಣ ಹಿತ್ತಾಳೆ ಗಂಟೆಯನ್ನೋ ಕಟ್ಟಿದರೆ ಸಿಕ್ಕಾಗುವುದಿಲ್ಲ.

ಎಷ್ಟು ಹೂ ಬೇಕು ಎಂಬುದಕ್ಕೆ ಅಂದಾಜು ಹೇಳುವವರನ್ನು ನಂಬದೆ ನೀವೇ ಗುಣಿಸಿ. ನಾಲ್ಕು ಮೊಳಕ್ಕೆ ಒಂದು ಮಾರು, ಅಂದರೆ ಸುಮಾರು ಆರು ಅಡಿ. ಎಂಟು ಅಡಿ ಎತ್ತರದ ಕಂಬಕ್ಕೆ ಸುತ್ತಲೂ ಹನ್ನೆರಡು ಸರ ಇಳಿಬಿಟ್ಟರೆ 96 ಅಡಿ, ಅಂದರೆ 16 ಮಾರು. ನಾಲ್ಕು ಕಂಬಕ್ಕೆ 64 ಮಾರು. ಎಂಟು ಸರಕ್ಕೆ ಇಳಿಸಿ ನಡುವೆ ಮಾವಿನ ಎಲೆಯ ತೋರಣ ಬಿಟ್ಟರೆ 43 ಮಾರಿಗೆ ಮುಗಿಯುತ್ತದೆ. ಎಲೆಯ ಹಸಿರು ನಡುವೆ ಬಂದಾಗ ಬಣ್ಣ ಇನ್ನಷ್ಟು ಹೊಳೆಯುತ್ತದೆ. ಎಲ್ಲ ಕಡೆ ಹೂ ಮೆತ್ತಿದರೆ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಅಂದ ಹಾಗೆ, ಮೊಳ ಎಂದರೆ ಅಳೆಯುವವರ ಮೊಳಕೈಯಿಂದ ಬೆರಳ ತುದಿಯವರೆಗೆ. ಗಿಡ್ಡ ಕೈಯ ವ್ಯಾಪಾರಿಗೆ ಅದರಿಂದ ನಷ್ಟವೇನೂ ಇಲ್ಲ. ಹಾಗಾಗಿ ದೊಡ್ಡ ಖರೀದಿಗೆ ಟೇಪು ಹಿಡಿದು ಹೋಗಿ.

ನೆಲದ ಮೇಲೆ, ನಡೆಯುವ ಹಾದಿಯಲ್ಲಿ ಗುಲಾಬಿ ಎಸಳು ಬೇಡ. ಒಂದೇ ಗಂಟೆಯಲ್ಲಿ ಮುದುಡುತ್ತದೆ, ಕಲ್ಲಿನ ಮೇಲೆ ಜಾರುತ್ತದೆ. ಚೆಂಡು ಹೂವಿನ ಎಸಳು ಉತ್ತಮ. ಗಾಳಿ ಇಲ್ಲದ ಅಂಗಳವಾದರೆ ಕಾಗದದ ಹೂವನ್ನು (ಬೋಗನ್‌ವಿಲ್ಲಾ) ಹರಡಿ. ಬೇಲಿಯಲ್ಲಿ ಬಿಟ್ಟಿಯಾಗಿ ಸಿಗುವ ಆ ರಾಣಿ ಬಣ್ಣ ದಿನವಿಡೀ ಮಾಸುವುದಿಲ್ಲ.

ಬಟ್ಟೆ ಹೂ, ಕುಂಡದ ಗಿಡ

ಬಟ್ಟೆಯ ಹೂವನ್ನು ಬಾಡಿಗೆಗೆ ತರುವುದು ಅಗ್ಗ ಎಂದು ಹೇಳುತ್ತಾರೆ. ಹಾಲ್‌ನ ಮಬ್ಬು ಬೆಳಕಿನಲ್ಲಿ ಅದು ಒಪ್ಪುತ್ತದೆ. ಹಗಲು ಬೆಳಕಿನಲ್ಲಿ, ನಿಜವಾದ ಗಿಡಮರಗಳ ನಡುವೆ ನಿಲ್ಲಿಸಿದ ಕೂಡಲೇ ಸುಳ್ಳು ಬಯಲಾಗುತ್ತದೆ. ಹದಿನೈದು ಅಡಿಗಿಂತ ಎತ್ತರದಲ್ಲಿ ಕಟ್ಟುವುದಿದ್ದರೆ ಮಾತ್ರ ಬಳಸಿ.

ಕುಂಡದ ಗಿಡಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸೇವಂತಿಗೆ, ಪೆಟೂನಿಯಾ, ಸಾಲ್ವಿಯಾದ ಕುಂಡಗಳನ್ನು ನರ್ಸರಿಯವರು ಬಾಡಿಗೆಗೂ ಕೊಡುತ್ತಾರೆ. ಬೇರಿರುವ ಗಿಡಕ್ಕೆ ಬಿಸಿಲಿನ ಹೆದರಿಕೆಯಿಲ್ಲ. ಕೊಂಡುಕೊಂಡರೆ ಹೊರಡುವ ಅತಿಥಿಗಳ ಕೈಗೆ ತಾಂಬೂಲದ ಜೊತೆ ಕೊಡಬಹುದು. ದಾರಿಯ ಎರಡು ಬದಿಗೆ, ಊಟದ ಸಾಲುಗಳ ತುದಿಗೆ ಇವೇ ಸರಿ. ಸಾಗಾಟದ ಖರ್ಚನ್ನು ಮೊದಲೇ ಕೇಳಿಕೊಳ್ಳಿ, ಅಲ್ಲಿಯೇ ಪೆಟ್ಟು ಬೀಳುವುದು.

ಇನ್ನು ನೆಟ್ಟಿರುವ ಮರಗಳನ್ನು ಮರೆಯಬಾರದು. ಬೆಂಗಳೂರಿನಲ್ಲಿ ಒಂದರ ಹಿಂದೊಂದು ಮರ ಹೂ ಬಿಡುವಂತೆ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಯೋಜಿಸಿದ್ದರೆಂಬುದು ಪ್ರಸಿದ್ಧ ಸಂಗತಿ. ಜಾಗ ಆರಿಸುವಾಗ ನೀವೂ ಅಷ್ಟು ಯೋಚಿಸಬಹುದು. ಚಳಿಗಾಲಕ್ಕೆ ಗುಲಾಬಿ ಬಣ್ಣದ ಟಬೆಬುಯಾ, ಫೆಬ್ರುವರಿ-ಮಾರ್ಚ್‌ಗೆ ಮುತ್ತುಗ, ಏಪ್ರಿಲ್-ಮೇ ತಿಂಗಳಿಗೆ ಕಕ್ಕೆ ಮತ್ತು ಗುಲ್‌ಮೊಹರ್. ಅರಳಿ ನಿಂತ ಕಕ್ಕೆ ಮರದ ಕೆಳಗೆ ಮಂಟಪ ಕಟ್ಟಿದವರಿಗೆ ಹಿನ್ನೆಲೆಯ ಖರ್ಚೇ ಇಲ್ಲ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆ, ಬಿದ್ದು ಒಂದು ವಾರ-ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆ ದಿನವೇ ಮುಹೂರ್ತ ಬಿದ್ದರೆ ಯೋಗ. ಕಾಫಿ ಹೂವನ್ನು ಮಾತ್ರ ಕೀಳಲು ಹೋಗಬೇಡಿ, ಅದು ತೋಟದವರ ವರ್ಷದ ಬೆಳೆ.

ನಿಮ್ಮದೇ ಎನ್ನಿಸುವ ಹೂ

‘ನಮ್ಮ ಮದುವೆ ಎಲ್ಲರಂತಿರಬಾರದು’ ಎಂದು ಹೇಳುವ ಜೋಡಿಗಳು ಕೊನೆಗೆ ಎಲ್ಲರೂ ತೋರಿಸುವ ಅದೇ ಚಿತ್ರವನ್ನು ಅಲಂಕಾರದವರಿಗೆ ಕಳಿಸುತ್ತಾರೆ. ಬೇರೆಯಾಗಿರಬೇಕೆಂದರೆ ಎರಡು ಮನೆಗಳ ಅಂಗಳದಲ್ಲಿ ಏನಿತ್ತು ಎಂದು ಕೇಳಿಕೊಳ್ಳುವುದು ಒಳ್ಳೆಯ ದಾರಿ. ಒಂದು ಉದಾಹರಣೆ ಕಟ್ಟೋಣ. ಹುಡುಗಿ ಶಿರಸಿ ಕಡೆಯವಳು, ಹುಡುಗ ಚಿಕ್ಕಬಳ್ಳಾಪುರದವನು, ಮದುವೆ ನವೆಂಬರ್ ಕೊನೆಯಲ್ಲಿ ಹುಡುಗನ ಮನೆಯ ದ್ರಾಕ್ಷಿ ತೋಟದ ಪಕ್ಕದ ಬಯಲಿನಲ್ಲಿ, ಮುಹೂರ್ತ ಹನ್ನೊಂದಕ್ಕೆ.

ಹುಡುಗನ ಊರು ಸೇವಂತಿಗೆಯ ಕಣಜ. ಕಂಬಗಳಿಗೆ ಹಳದಿ ಸೇವಂತಿಗೆ ಮತ್ತು ನೇರಳೆ ಆಸ್ಟರ್, ಎರಡೂ ಹತ್ತು ಮೈಲಿಯೊಳಗಿನ ಹೊಲದಿಂದ. ಹುಡುಗಿಯ ಕಡೆಯಿಂದ ಬರುವುದು ಸಿಂಗಾರ, ಅಡಿಕೆಯ ಹೊಂಬಾಳೆಯೊಳಗಿನ ಕೆನೆಬಣ್ಣದ ಗೊಂಚಲು. ಕರಾವಳಿಯವರು ಇದನ್ನೇ ಹಿಂಗಾರ ಎನ್ನುತ್ತಾರೆ. ಹೊಂಬಾಳೆಯನ್ನು ಬಿಡಿಸದೆ ತಂದು ಮುಹೂರ್ತಕ್ಕೆ ಅರ್ಧ ಗಂಟೆ ಮೊದಲು ಸೀಳಿ ಮಂಟಪದ ನಾಲ್ಕು ಮೂಲೆಗೆ ಕಟ್ಟಬೇಕು. ಬೇಗ ಬಿಡಿಸಿದರೆ ಜೇನುನೊಣಗಳು ನಿಮ್ಮ ಅತಿಥಿಗಳಿಗಿಂತ ಮೊದಲು ಬಂದು ಕೂರುತ್ತವೆ. ಹುಡುಗಿಯ ಮುಡಿಗೆ ಅಬ್ಬಲಿಗೆ ದಂಡೆ, ಬಯಲುಸೀಮೆಯ ಕನಕಾಂಬರವೇ ಅದು. ಇನ್ನು ಡೇರೆ ಹೂ, ಅಂದರೆ ಡೇಲಿಯಾ. ಮಲೆನಾಡಿನ ಹೆಂಗಸರು ಮಳೆಗಾಲದಲ್ಲಿ ಒಬ್ಬರಿಗಿಂತ ಒಬ್ಬರು ಹೆಚ್ಚು ಬಣ್ಣ ಬೆಳೆಸಲು ಪೈಪೋಟಿ ನಡೆಸುವ ಹೂ. ನವೆಂಬರ್ ಕೊನೆಗೆ ಅದರ ಕಾಲ ಮುಗಿಯುತ್ತ ಬಂದಿರುತ್ತದೆ, ಕಿತ್ತರೆ ಬಿಸಿಲನ್ನು ಒಂದು ಗಂಟೆಯೂ ತಾಳದು. ಆದ್ದರಿಂದ ಮಂಟಪಕ್ಕೆ ಬೇಡ. ನೆರಳಿನಲ್ಲಿರುವ ಸ್ವಾಗತದ ಮೇಜಿನ ಮೇಲೆ ಹಿತ್ತಾಳೆ ಉರುಳಿಯ ನೀರಿನಲ್ಲಿ ತೇಲಿಬಿಟ್ಟ ಆರೇಳು ಡೇರೆ ಸಾಕು. ಹುಡುಗಿಯ ಅಮ್ಮ ಅಲ್ಲಿಂದ ಕದಲುವುದಿಲ್ಲ!

ಖರ್ಚು ಎಲ್ಲಿಗೆ ಹೋಯಿತು ನೋಡಿ: ಸಿಂಗಾರಕ್ಕೂ ಡೇರೆಗೂ ದುಡ್ಡಿಲ್ಲ, ಸೇವಂತಿಗೆಗೆ ಹೊಲದ ಬೆಲೆ. ಉಳಿದ ಹಣದಲ್ಲಿ ಮಾಲೆಯನ್ನೂ ಜಡೆಯನ್ನೂ ಅತ್ಯುತ್ತಮ ಕೈಗಳಿಂದ ಮಾಡಿಸಬಹುದು.

ಒಪ್ಪಂದಕ್ಕೆ ಮೊದಲು

ಅಲಂಕಾರದವರಿಗೇ ಎಲ್ಲ ವಹಿಸುವುದೋ, ಹೂವನ್ನು ನೀವೇ ತಂದು ಕಟ್ಟುವ ಕೈಗಳನ್ನು ಮಾತ್ರ ಗೊತ್ತು ಮಾಡುವುದೋ? ಇನ್ನೂರು ಜನರೊಳಗಿನ ಮದುವೆಗೆ, ಮನೆಯಲ್ಲಿ ನಸುಕಿನಲ್ಲಿ ಏಳುವ ನಾಲ್ವರಿದ್ದರೆ, ಎರಡನೆಯದು ಚೆನ್ನ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮುನ್ನವೇ ಒಳ್ಳೆಯ ಹೂ ಕೈ ಬದಲಾಗಿರುತ್ತದೆ. ಮೈಸೂರಿನವರಿಗೆ ದೇವರಾಜ ಮಾರುಕಟ್ಟೆಯಿದೆ. ಹೆಚ್ಚು ಜನರ ಮದುವೆಯಾದರೆ ಅಲಂಕಾರದವರೇ ಸರಿ. ಆಗ ಒಪ್ಪಂದದಲ್ಲಿ ‘ಹೂವಿನ ಮಂಟಪ’ ಎಂದಷ್ಟೇ ಬರೆಸಿಕೊಳ್ಳಬೇಡಿ. ಯಾವ ಹೂ, ಎಷ್ಟು ಮಾರು, ಎಷ್ಟು ಕಟ್ಟು, ಕಟ್ಟುವ ಕೆಲಸ ಎಷ್ಟು ಗಂಟೆಗೆ ಮುಗಿಯಬೇಕು, ಆ ಹೂ ಸಿಗದಿದ್ದರೆ ಬದಲಿಗೆ ಯಾವುದು ಎಂಬುದನ್ನೆಲ್ಲ ಬರೆಸಿ. ಬಟ್ಟೆ ಹೂ ಬೆರೆಸುವಂತಿಲ್ಲ ಎಂಬ ಸಾಲನ್ನೂ ಸೇರಿಸಿ.

ಮಳೆಗೆ ಟಾರ್ಪಾಲು ಯಾರದು ಎಂದೂ ಕೇಳಿ. ಹಳ್ಳಿಯ ಬಯಲಾದರೆ ರಾತ್ರಿ ಕಾವಲಿಗೆ ಒಬ್ಬರನ್ನು ನಿಲ್ಲಿಸಿ. ಮಾವಿನ ತೋರಣ, ಬಾಳೆಕಂಬ, ಸೇವಂತಿಗೆ ಮೂರನ್ನೂ ಊರ ದನಗಳು ಬಹಳ ಇಷ್ಟಪಡುತ್ತವೆ.

ಹಾರಗಳನ್ನು ನೈಲಾನ್ ದಾರದಲ್ಲಿ ಬೇಡ, ಹತ್ತಿ ದಾರದಲ್ಲಿ ಅಥವಾ ಬಾಳೆನಾರಿನಲ್ಲಿ ಕಟ್ಟಿಸಿ. ಆಗ ಮದುವೆಯ ಮರುದಿನ ಬಿಡಿಸುವ ಕೆಲಸವಿಲ್ಲದೆ ಹಾರ ಸಮೇತ ತಿಪ್ಪೆಗೆ ಹಾಕಬಹುದು. ಜಾಗದವರಿಗೆ ಗುಂಡಿ ಇದೆಯೇ ಎಂದು ಮುಂಗಡ ಕೊಡುವ ದಿನವೇ ಕೇಳಿಟ್ಟುಕೊಂಡರೆ, ಕೊನೆಯ ಬಸ್ಸು ಹತ್ತುವ ಅವಸರದಲ್ಲಿ ಕಿಲೋಗಟ್ಟಲೆ ಹೂವನ್ನು ಕೆರೆಯ ಏರಿಯ ಮೇಲೆ ಸುರಿಯುವ ಪ್ರಮೇಯ ಬರುವುದಿಲ್ಲ.